ಹೂಬಿಟ್ಟ ಹೊಲದ ಕುಬಸ

ಮೊನ್ನೆ ರಾಯಚೂರಿನ ಕಾಯಿಪಲ್ಲೆ ಬಜಾರಿನಲ್ಲಿ ಒಂದು ಹೀರೇಕಾಯಿ ಕೈಗೆತ್ತಿಕೊಂಡೆ. ತೊಟ್ಟಿನ ಕಡೆ ದಪ್ಪ, ತುದಿಯ ಕಡೆ ಸಣಕಲು, ನಡುವೆ ಕುಡುಗೋಲಿನ ಹಾಗೆ ಬಾಗಿತ್ತು. "ಇದರ ಹೂವಿನ ಮ್ಯಾಲೆ ಜೇನು ಸರಿಯಾಗಿ ಕೂತಿಲ್ಲ ನೋಡು" ಎಂದೆ. ಮಾರುವಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯವ್ವಾ, ಜೇನು ಕೂತದ್ದು ಬಿಟ್ಟದ್ದು ಕೇಳಿ ಕಾಯಿ ತಗೊಳ್ಳೋರನ್ನ ನಾ ಇವತ್ತ ನೋಡಿದ್ದು. ಬೇಕಾದ್ರ ತಗೋ, ಇಲ್ಲಾಂದ್ರ ಬುಟ್ಟಿಗೆ ಹಾಕು." ಮರ್ಯಾದೆಯಿಂದ ತೆಗೆದುಕೊಂಡು ಬಂದೆ. ಅದನ್ನು ಹೆರೆದು, ಹೆಚ್ಚಿ, ಒಲೆಯ ಮೇಲಿಡುವವರೆಗೂ ಒಬ್ಬಳೇ ನಗುತ್ತಿದ್ದೆ.

ನಗದೆ ಏನು ಮಾಡಲಿ ಹೇಳಿ. ನಾನು ಒಂದು ಕಾಲಕ್ಕೆ ಊರೂರು ತಿರುಗಿ ಜೇನಿನ ಪಾಠ ಹೇಳಿದವಳು. ಗ್ರಾಮಸೇವಕಿಯಾಗಿದ್ದೆ. ಹಾಗಂದರೇನು ಎಂದು ಈಗಿನ ಹುಡುಗಿಯರು ಕೇಳುತ್ತಾರೆ. ಸರಕಾರಕ್ಕೆ ಹಳ್ಳಿಯ ಹೆಂಗಸರಿಗೆ ಏನಾದರೂ ಬುದ್ಧಿ ಹೇಳಬೇಕು ಅನ್ನಿಸಿದಾಗ ಆ ಬುದ್ಧಿಯನ್ನು ಹೆಗಲಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುವವಳು ಎನ್ನುತ್ತೇನೆ. ಒಂದು ವರ್ಷ ಹೊಗೆಯಿಲ್ಲದ ಒಲೆ, ಮರುವರ್ಷ ಮೊಳಕೆ ಕಾಳು, ಅದರ ಮರುವರ್ಷ ಹಿತ್ತಲ ತೋಟ. ಬುದ್ಧಿ ಬದಲಾಗುತ್ತಿತ್ತು, ಚೀಲ ಮಾತ್ರ ಅದೇ. ಕಲ್ಮಲದಲ್ಲಿ ಬಸ್ಸು ಕೆಟ್ಟು ನಿಂತರೆ ಅಲ್ಲೇ ಯಾರದೋ ಕಟ್ಟೆಯ ಮೇಲೆ ಕೂತು, ಕೇಳಿದವರಿಗೂ ಕೇಳದವರಿಗೂ ಮೊಳಕೆ ಕಾಳಿನ ಗುಣ ಹೇಳಿಬಿಡುತ್ತಿದ್ದೆ. ಅಷ್ಟು ಹುಮ್ಮಸ್ಸು, ಅಷ್ಟೇ ಬಾಯಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ನಾನು ದೇವದುರ್ಗದಲ್ಲಿದ್ದೆ. ಸುತ್ತಲಿನ ಹಳ್ಳಿಗಳ ಮಹಿಳಾ ಮಂಡಳಗಳಿಗೆ ಹೀರೇಕಾಯಿ, ಕುಂಬಳಕಾಯಿ ಬೀಜ ಹಂಚಿದ್ದೆವು. ಬಳ್ಳಿಗಳೇನೋ ಮಾಳಿಗೆಯ ಮೇಲೆ ಹಬ್ಬಿ ಹಳದಿ ಹೂವು ಚೆಲ್ಲಿದವು, ಕಾಯಿ ಮಾತ್ರ ಕಚ್ಚಲಿಲ್ಲ. ಕಚ್ಚಿದ್ದೂ ಬೆರಳುದ್ದವಾಗಿ ಹಳದಿ ತಿರುಗಿ ಉದುರಿತು. ಹೆಂಗಸರು ಕಣ್ಣು ಬಿದ್ದಿದೆ ಎಂದು ಬಳ್ಳಿಗೆ ಹಳೆಯ ಚಪ್ಪಲಿ ಕಟ್ಟಿದರು. ಒಂದು ಮನೆಯಲ್ಲಂತೂ ಕಾಯಿಗಿಂತ ಚಪ್ಪಲಿಯೇ ಹೆಚ್ಚು ಜೋತಾಡುತ್ತಿದ್ದವು. ಆ ಮನೆಯಾಕೆ ನನ್ನ ಕಾಲಿನ ಚಪ್ಪಲಿಯನ್ನೂ ಒಂದು ಥರ ನೋಡಿದ್ದರಿಂದ ಅವತ್ತು ಬೇಗನೆ ಎದ್ದು ಬಂದೆ.

ಅದೇ ದಿನಗಳಲ್ಲಿ ನಮಗೊಂದು ತರಬೇತಿ ನಡೆಯಿತು. ಹೀರೆ, ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ, ನಡುವೆ ಓಡಾಡಲು ಜೇನೋ ದುಂಬಿಯೋ ಇಲ್ಲದಿದ್ದರೆ ಕಾಯಿಯಿಲ್ಲ ಎಂದು ತಿಳಿದದ್ದು ಅಲ್ಲೇ. ಮರಳಿ ಬಂದವಳೇ ಹೆಂಗಸರನ್ನು ಕೂಡಿಸಿ, ಎರಡೂ ಹೂವು ಕಿತ್ತು ಕೈಯಲ್ಲಿ ಹಿಡಿದು, "ಇದು ಗಂಡು, ಇದು ಹೆಣ್ಣು" ಎಂದು ಶುರುಮಾಡಿದೆ. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನ್ನೊಬ್ಬಳು, "ಅಕ್ಕೋರ, ಸಣ್ಣಗ ಹೇಳ್ರಿ, ನಮ್ಮ ಮಾವ ಹೊರಗ ಕುಂತಾನ" ಎಂದಳು. ನನಗಂತೂ ಆಗಿನ್ನೂ ಮದುವೆಯಾಗಿರಲಿಲ್ಲ. ಬೆವರೊರೆಸಿಕೊಳ್ಳುತ್ತ ಜೇನಿನ ತನಕ ಬರುವಷ್ಟರಲ್ಲಿ ಒಬ್ಬ ಮುದುಕಿ ನನ್ನ ಕೈಯಿಂದ ಪಾಠವನ್ನೇ ಕಸಿದುಕೊಂಡಳು. "ಅಂದ್ರ ಜೇನು ಹೆಣ್ಣು ನೋಡಾಕ ಬರೋ ಹಿರ್‍ಯಾರು ಅನ್ರಿ. ಹಿರ್‍ಯಾರನ್ನ ಹೊಗಿ ಹಾಕಿ ಓಡಿಸಿದ್ರ ಮದಿವಿ ಹ್ಯಾಂಗ ಆಗ್ತದ?" ಅಲ್ಲಿಂದ ಮುಂದೆ ನನ್ನ ಚಿತ್ರಪಟಗಳು ಚೀಲದಲ್ಲೇ ಉಳಿದವು. ಅವುಗಳಲ್ಲಿದ್ದದ್ದು ಯಾವುದೋ ಗುಡ್ಡದ ಸೀಮೆಯ ಮರದ ಪೆಟ್ಟಿಗೆ ಜೇನು. ನಮ್ಮ ಬಿಸಿಲಿಗೆ ಆ ಪೆಟ್ಟಿಗೆಯಲ್ಲಿ ಜೇನಲ್ಲ, ಹಪ್ಪಳ ಒಣಗಿಸಬಹುದಿತ್ತು.

ಹಿರಿಯರೆಂದ ಮೇಲೆ ಉಪಚಾರ ಮಾಡಬೇಕಲ್ಲ. ಬೇಸಿಗೆಯಲ್ಲಿ ಅವಕ್ಕೆ ಒಂದಿಷ್ಟು ನೀರಿಡಿ ಎಂದು ಹೇಳಿದ್ದೆ. ನೀರು ಕೊಟ್ಟರೆ ಸಾಲದು ಎಂದು ಆ ಊರಿನವರು ಬೆಲ್ಲ ಕದಡಿ ಇಟ್ಟರು. ಸುತ್ತಲಿನ ಇರುವೆಯೆಲ್ಲ ಬಂದು ಬೀಗರೂಟ ಉಂಡು ಹೋಯಿತು. ಆಮೇಲೆ ಬರೀ ನೀರು, ಅದರಲ್ಲಿ ಜೇನು ಕಾಲೂರಲು ನಾಲ್ಕು ಜೋಳದ ದಂಟು ಎಂದು ತಿದ್ದಿಕೊಂಡೆವು. ಬದುವಿನ ತುಂಬೆ ಗಿಡ ಸುಡಬೇಡಿ, ಬಾರಿ ಹಣ್ಣಿನ ಗಿಡ ಪೂರ್ತಿ ಕಡಿಯಬೇಡಿ, ಅವುಗಳ ಹೂವಿನಿಂದಲೇ ಜೇನು ಹೊಟ್ಟೆ ಹೊರೆಯುತ್ತದೆ ಎಂದು ಹೇಳುತ್ತ ಹೋದೆ. ಒಂದೊಂದು ಮನೆಯಲ್ಲಿ ಚಪ್ಪಲಿ ಇಳಿದವು. ಕೆಲವರು ಕಾಯಿ ಬಿಟ್ಟ ಮೇಲೂ ಚಪ್ಪಲಿ ಬಿಚ್ಚಲಿಲ್ಲ, ಎರಡೂ ಇರಲಿ ಎಂದರು. ನಾನೂ ಇರಲಿ ಬಿಡು ಎಂದೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಪೀಠಿಕೆ. ನನಗೆ ಹೇಳಬೇಕಾಗಿರುವುದು ಗಂಗಮ್ಮನ ಸಂಗತಿ. ಎಂಬತ್ತರ ದಶಕದ ಆರಂಭದಲ್ಲಿ ನನ್ನನ್ನು ಮಾನ್ವಿಗೆ ವರ್ಗ ಮಾಡಿದರು. ಆ ಕಡೆ ಸೂರ್ಯಕಾಂತಿ ಆಗಷ್ಟೇ ಕಾಲಿಟ್ಟಿತ್ತು. ಮಾನ್ವಿಯಿಂದ ಒಳಗೊಂದು ಹಳ್ಳಿಯಲ್ಲಿ ಗಂಗಮ್ಮ ಮಹಿಳಾ ಮಂಡಳದ ಸದಸ್ಯೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗಂಡನ ಪಾಲಿಗೆ ಬಂದ ಕರಿ ಹೊಲವನ್ನು ತಾನೇ ಮಾಡುತ್ತಿದ್ದಳು. ಪಕ್ಕದ ಹೊಲ ಮೈದುನ ಭೀಮಣ್ಣನದು. ಮೊದಲ ವರ್ಷ ಆಕೆಯ ಜೋಳ ಸೊರಗಿತು, ಎರಡನೆಯ ವರ್ಷ ಸೂರ್ಯಕಾಂತಿ ಹಾಕಿದರೆ ತೆನೆಯ ನಡುವೆಲ್ಲ ಜೊಳ್ಳು. ಭೀಮಣ್ಣ ಕೆಟ್ಟವನಲ್ಲ. ತನಗೆ ಸರಿ ಕಂಡ ರೀತಿಯಲ್ಲಿ ಹೇಳಿದ: "ಅತ್ತಿಗಿ, ಇದೊಂದು ಪೀಕು ನೋಡು. ಇದೂ ಬರಲಿಲ್ಲ ಅಂದ್ರ ಹೊಲ ನನಗ ಬಿಡು. ವರ್ಷದ ಜೋಳ ಅಳದು ಕೊಡ್ತೀನಿ, ಮನ್ಯಾಗ ಕುಂತು ಉಣ್ಣು." ಊರ ಹಿರಿಯರಿಗೂ ಇದು ನ್ಯಾಯವೇ ಅನ್ನಿಸಿತು. ಗಂಗಮ್ಮ ನನ್ನೆದುರು ಮಾತ್ರ ಒಂದು ಮಾತು ಅಂದಳು. "ಕುಂತು ಉಣ್ಣಾಕ ನನಗೇನು ಕೈಕಾಲು ಇಲ್ಲೇನ್ರೀ ಅಕ್ಕೋರ?" ಆಕೆ ಅಳಲಿಲ್ಲ.

ಜೊಳ್ಳಿಗೆ ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಎರಡೂ ಹೊಲಗಳ ನಡುವಿನ ಬದುವಿನಲ್ಲಿ ದೊಡ್ಡ ಹುಣಸೆ ಮರವಿತ್ತು, ಅದರ ತುಂಬ ಹೆಜ್ಜೇನು. ಸೂರ್ಯಕಾಂತಿ ಅರಳಿದಾಗ ಅವು ಬೆಳಿಗ್ಗೆ ಬೆಳಿಗ್ಗೆ ಹೂವಿಗೆ ಇಳಿಯುತ್ತಿದ್ದವು. ಸರಿಯಾಗಿ ಅದೇ ಹೊತ್ತಿಗೆ ಭೀಮಣ್ಣ ತನ್ನ ಹತ್ತಿಗೆ ಎಣ್ಣೆ ಹೊಡೆಸುತ್ತಿದ್ದ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಗಾಳಿಗೆ ಅದು ಬದು ದಾಟಿ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗಂಗಮ್ಮನ ಸಾಲುಗಳಲ್ಲಿ ಸತ್ತ ಜೇನು ಬಿದ್ದಿರುತ್ತಿದ್ದವು. ಹೂವಿರುವ ಎಂಟು ಹತ್ತು ದಿನ ಎಣ್ಣೆ ಹೊಡೆಯುವುದನ್ನು ತಡೆದರೆ, ಆಗದಿದ್ದರೆ ಜೇನು ಮರಕ್ಕೆ ಮರಳಿದ ಮೇಲೆ ಸಂಜೆಗೆ ಹೊಡೆದರೆ, ಆಕೆಯ ತೆನೆ ತುಂಬುತ್ತಿತ್ತು.

ಮೂರನೆಯ ವರ್ಷದ ಸೂರ್ಯಕಾಂತಿ ಮೊಗ್ಗೊಡೆಯುವ ಮೊದಲೇ ಇದನ್ನು ಹೇಳಲು ನಾನು ಚಾವಡಿಗೆ ಹೋದೆ. ಗಂಡಸರು ಮರ್ಯಾದೆಯಿಂದ ಕುರ್ಚಿ ಹಾಕಿದರು, ಚಹಾ ತರಿಸಿದರು, ಪೂರ್ತಿ ಕೇಳಿದರು. ಕೊನೆಗೆ ಭೀಮಣ್ಣ, "ಸಂಜಿಮುಂದ ಆಳು ಯಾರು ಬರ್ತಾರ್‍ರಿ? ನಾವು ಹೊಡಿಯೋದು ಹುಳಕ್ಕ, ಜೇನು ಅಡ್ಡ ಬಂದ್ರ ನಾವೇನು ಮಾಡಾಕಾಗ್ತದ?" ಎಂದ. ಎಲ್ಲರೂ ತಲೆಯಾಡಿಸಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿದ್ದ ಕಾಲ ಅದು. ಜೇನಿಗಿರುವ ಬುದ್ಧಿ ಈ ಊರಿಗಿಲ್ಲ ಎಂದುಬಿಟ್ಟೆ. ಚಹಾದ ಬಟ್ಟಲು ಅರ್ಧಕ್ಕೇ ಇಟ್ಟು ಎದ್ದು ಬಂದೆ. ಅಲ್ಲಿಗೆ ನನ್ನ ವಿಸ್ತರಣಾ ಶಿಕ್ಷಣ ಮುಗಿಯಿತು.

ಮಂಡಳದ ಹೆಂಗಸರು ಈರಮ್ಮನ ಪಡಸಾಲೆಯಲ್ಲಿ ಸೇರಿದ್ದರು. ಈರಮ್ಮ ಅಧ್ಯಕ್ಷೆ, ತುಂಬು ಸಂಸಾರದ ಗಟ್ಟಿ ಹೆಂಗಸು. ಪಕ್ಕದಲ್ಲಿ ಬಳೆ ಮಾರುವ ಮೈಬೂಬಿ. ನಾನು ಚಾವಡಿಯ ಕಥೆ ಹೇಳಿ ಮುಗಿಸಿದಾಗ ಈರಮ್ಮ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು. "ಅಕ್ಕೋರ, ಹೂ ಬಿಟ್ಟ ಹೊಲ ಅಂದ್ರ ಬಸುರಿ ಇದ್ದಂಗ ಅಲ್ಲೇನು?"

"ಹೌದು ಅನ್ನಬಹುದು" ಎಂದೆ.

"ಬಸುರಿಗೆ ಕುಬಸ ಮಾಡಿದ್ರ ಗಂಡನ ಮನಿಯೋರು ಬರಬೇಕೋ ಬ್ಯಾಡೋ? ಭೀಮಣ್ಣ ಬರ್ಲಿ. ಕುಬಸದ ಹೋಳಿಗಿ ಉಣ್ಣಲಿ. ಉಂಡು ಎದ್ದು ಹೋಗಿ ಅದ ಬಸುರಿಗೆ ಎಣ್ಣಿ ಹೊಡಿತಾನೇನು? ಹೊಡ್ದು ನೋಡ್ಲಿ."

ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಕುಬಸದ ಖಣ ಕೊಟ್ಟು ಉಡಿ ತುಂಬುವ ಶಾಸ್ತ್ರವನ್ನು ಹೊಲಕ್ಕೆ ಮಾಡುವುದೇ? ನಾನು ವಿಜ್ಞಾನ ಹೇಳಲು ಬಂದವಳು, ಇದೆಲ್ಲ ಮೂಢನಂಬಿಕೆ ಎಂದು ಗೊಣಗಿದೆ. ಮೈಬೂಬಿ ನನ್ನ ತೊಡೆ ತಟ್ಟಿ, "ನಕ್ಕೋ ಅಕ್ಕಾ, ಬ್ಯಾಡ, ಸುಮ್ನಿರ್ರಿ. ನಿಮ್ಮ ಮಾತು ಚಾವಡಿಯಾಗ ನಡೀಲಿಲ್ಲ, ನಮ್ಮ ಮಾತು ಹೊಲದಾಗ ನಡೀತದೇನು ನೋಡೋಣು" ಎಂದಳು.

ಎಲ್ಲ ನಿಗದಿಯಾಯಿತು. ಹೋಳಿಗೆ ಯಾರು, ಬಳೆ ಯಾರು, ಸೀರೆ ಯಾರ ಮನೆಯದು. ಗಂಗಮ್ಮ ಮಾತ್ರ ಬಾಗಿಲ ಆಚೆ, ಮೆಟ್ಟಿಲ ಮೇಲೆ ಕೂತಿದ್ದಳು. ಹೊಲ ಆಕೆಯದು, ಆದರೆ ಉಡಿ ತುಂಬುವುದು ಮುತ್ತೈದೆಯರ ಕೆಲಸ. ಗಂಡ ಸತ್ತವಳು ಆ ಅಕ್ಕಿ ಕೊಬ್ಬರಿಯ ತಾಟು ಮುಟ್ಟುವಂತಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. "ನೀವು ಮಾಡ್ರಿ ಯವ್ವಾ, ನಾ ಬದುವಿನ ಮ್ಯಾಲೆ ನಿಂದರತೀನಿ" ಎಂದು ತಾನೇ ಹೇಳಿ ಎಲ್ಲರ ಕಷ್ಟ ತಪ್ಪಿಸಿದಳು. ಹೆಣ್ಣು ಹೂವು ಗಂಡು ಹೂವು ಎಂದು ಊರೂರಿಗೆ ಹೇಳಿದ ನನ್ನ ಬಾಯಿಗೆ ಅವತ್ತು ಒಂದು ಮಾತೂ ಬರಲಿಲ್ಲ.

ದೀಪಾವಳಿ ಕಳೆದು ಹೊಲ ಪೂರ್ತಿ ಅರಳಿದಾಗ ಕುಬಸ ನಡೆಯಿತು. ಭೀಮಣ್ಣ ಬಿಳಿ ಅಂಗಿ ತೊಟ್ಟು, ಹೆಂಡತಿಯನ್ನು ಕರೆದುಕೊಂಡು ಬಂದ. ಬರದಿದ್ದರೆ ಊರು ಆಡಿಕೊಳ್ಳುತ್ತಿತ್ತು. ಮೊದಲ ಸಾಲಿನ ಗಿಡಗಳಿಗೆ ಹಸಿರು ಸೀರೆ ಹೊದಿಸಿದರು, ದಂಟಿಗೆ ಬಳೆ ಏರಿಸಿದರು. ಈರಮ್ಮ ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲೆ ಅಡಿಕೆ ಇಟ್ಟು ಉಡಿ ತುಂಬಿದಳು. ಗಂಗಮ್ಮ ದೂರದ ಬದುವಿನಲ್ಲಿ ಸೆರಗು ಹೊದ್ದು ನಿಂತು ನೋಡುತ್ತಿದ್ದಳು. ಹೋಳಿಗೆ ಬಡಿಸಿಯೂ ಆಯಿತು, ಭೀಮಣ್ಣ ಉಂಡೂ ಆಯಿತು. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ.

ಮೈಬೂಬಿಗೆ ತನ್ನ ಕಡೆಯಿಂದಲೂ ಏನಾದರೂ ಆಗಬೇಕು ಅನ್ನಿಸಿತು. ಅವರ ಮನೆಯಲ್ಲಿ ಒಳ್ಳೆಯ ಕೆಲಸಕ್ಕೆಲ್ಲ ಲೋಬಾನದ ಹೊಗೆ ಹಾಕುತ್ತಾರೆ. ಮಣ್ಣಿನ ಧೂಪದಾನಿಯಲ್ಲಿ ಕೆಂಡ ತಂದು, ಮುಷ್ಟಿ ತುಂಬ ಲೋಬಾನ ಸುರಿದು, ಹೊಲಕ್ಕೂ ಆಗಲಿ, ನನ್ನ ಪಾಠದ ಹಿರಿಯರಾದ ಜೇನಿಗೂ ಆಗಲಿ ಎಂದು ನೇರ ಹುಣಸೆ ಮರದ ಬುಡಕ್ಕೆ ಒಯ್ದು ಇಟ್ಟಳು. ಹೊಗೆ ಹಾಕಿ ಜೇನು ಓಡಿಸಬೇಡಿ ಎಂದು ವರ್ಷವಿಡೀ ಹೇಳಿದವಳು ನಾನು. ಸುಡುವ ಹೊಗೆಯ ಬಗ್ಗೆ ಹೇಳಿದ್ದೆ, ಹರಸುವ ಹೊಗೆಯ ಬಗ್ಗೆ ಹೇಳಿರಲಿಲ್ಲ. ನಾನು ಕೂಗುವಷ್ಟರಲ್ಲಿ ಮೇಲೆ ಗುಂಯ್ ಎಂದು ಸದ್ದು ಎದ್ದಿತು.

ಹೆಂಗಸರು ಕಲಿತಿದ್ದಂತೆ ಸಾಲುಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಮೈತುಂಬ ಸೆರಗು ಹೊದ್ದುಕೊಂಡರು. ಭೀಮಣ್ಣ ನನ್ನ ಪಾಠಕ್ಕೆ ಬಂದವನಲ್ಲ. ಟವೆಲು ಬೀಸುತ್ತ ಓಡಾಡಿದ. ಬೀಸಿದಷ್ಟೂ ಅವು ಮುತ್ತಿದವು. ಆಗ ಬದುವಿನಿಂದ ಗಂಗಮ್ಮ ಓಡಿ ಬಂದಳು. ಗಿಡಕ್ಕೆ ಹೊದಿಸಿದ್ದ ಆ ಹಸಿರು ಸೀರೆಯನ್ನೇ ಸೆಳೆದು ಮೈದುನನ ತಲೆಯ ಮೇಲೆ ಹಾಕಿ, ಅವನನ್ನು ಹಿಡಿದು ನೆಲಕ್ಕೆ ಕೂಡಿಸಿ, ಅಲುಗಾಡದಂತೆ ಒತ್ತಿ ಹಿಡಿದಳು. ಆಕೆಯ ಮುಂಗೈಗಳಿಗೂ ಕಡಿದವು, ಕೈ ತೆಗೆಯಲಿಲ್ಲ. ಮೈಬೂಬಿ ಧೂಪದಾನಿಯ ಮೇಲೆ ಮಣ್ಣು ಸುರಿದಳು. ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾಯಿತು. ಸಂಜೆಯ ವೇಳೆಗೆ ಜೇನು ಮರಳಿ ತಮ್ಮ ತಟ್ಟಿಗೆ ಹೋಗಿ ಕೂತವು.

ಭೀಮಣ್ಣನ ಮುಖ ಬುರುಬುರು ಊದಿತು. ಊರಿನ ಬಾಯಿ ಸುಮ್ಮನಿರುತ್ತದೆಯೇ? ಕುಬಸ ಭೀಮಣ್ಣನಿಗೇ ಆಯಿತಂತೆ, ಹಸಿರು ಸೀರೆ ಉಟ್ಟಿದ್ದನಂತೆ, ಎಷ್ಟನೇ ತಿಂಗಳಂತೆ ಎಂದು ಕಟ್ಟೆ ಕಟ್ಟೆಗಳಲ್ಲಿ ಕೇಳಿದರು. ಅವನಿಗೆ ನೋವಿಗಿಂತ ಇದೇ ಹೆಚ್ಚು ಚುಚ್ಚಿತು. ಜೇನು ಸುಡುವವರನ್ನು ಕರೆಸುತ್ತೇನೆ, ಆ ಮರದಲ್ಲಿ ಒಂದು ತಟ್ಟಿಯೂ ಉಳಿಯಬಾರದು ಎಂದು ಹೇಳಿ ಕಳಿಸಿದ. ಗಂಗಮ್ಮ ನನ್ನನ್ನು ಕರೆದುಕೊಂಡು ಅವನ ಮನೆಗೆ ಹೋದಳು. ಒಂದು ಕಣ್ಣು ಪೂರ್ತಿ ಮುಚ್ಚಿಕೊಂಡು ಅವನು ಹೊರಸಿನ ಮೇಲೆ ಮಲಗಿದ್ದ. ಆಕೆ ಹೊಸ್ತಿಲ ಹೊರಗೇ ಕೂತಳು.

"ತಮ್ಮಾ, ನಿನ್ನ ಕಡದಾವು, ಖರೆ. ನನಗೂ ಕಡದಾವು. ಆದ್ರ ನನ್ನ ಹೊಲ ತುಂಬಾಕತ್ತಾವು. ಹೂವು ಬಾಡೋತನಕ ತಡಿ. ತೆನಿ ಜೊಳ್ಳು ಬಂದ್ರ ಹೊಲ ನಾನ ಬಿಟ್ಟುಕೊಡ್ತೀನಿ, ಮರ ನೀನ ಸುಡು. ನಾ ಅಡ್ಡ ಬರಾಂಗಿಲ್ಲ."

ಅವನು ಗೋಡೆಯ ಕಡೆ ಹೊರಳಿದ. ಅವನ ಹೆಂಡತಿ ಗಂಗಮ್ಮನ ಊದಿದ ಕೈ ನೋಡಿ ಅರಿಶಿನ ತರಲು ಎದ್ದಳು. ತಂದವಳು, ವಿಧವೆಗೆ ಅರಿಶಿನ ಹಚ್ಚುವುದೋ ಬೇಡವೋ ಎಂದು ಒಂದು ಕ್ಷಣ ನಿಂತಳು. ಆಮೇಲೆ ಹಚ್ಚಿದಳು.

ಜೇನು ಸುಡುವವರು ಬರಲಿಲ್ಲ. ಊತ ಇಳಿದು ಅವನು ಎದ್ದು ಓಡಾಡುವಷ್ಟರಲ್ಲಿ ಹೂವಿನ ಕಾಲವೂ ಮುಗಿಯುತ್ತ ಬಂದಿತ್ತು. ಅಲ್ಲಿಯವರೆಗೆ ಹತ್ತಿಗೆ ಎಣ್ಣೆ ಬೀಳಲಿಲ್ಲ. ಹೋಳಿಗೆಯ ಕಾರಣಕ್ಕೋ, ಊತದ ಕಾರಣಕ್ಕೋ, ಹೊಸ್ತಿಲಲ್ಲಿ ಕೇಳಿದ ಮಾತಿನ ಕಾರಣಕ್ಕೋ ನಾನು ಹೇಳಲಾರೆ. ಗಂಗಮ್ಮ ತೆನೆ ಕೊಯ್ದು ಕಣದಲ್ಲಿ ಬಡಿಯುತ್ತಿದ್ದಾಗ ಭೀಮಣ್ಣ ಬಂದ. ನಾನೂ ಇದ್ದೆ. ಒಂದು ತೆನೆ ಎತ್ತಿಕೊಂಡು ನಡುವಿಗೆ ಹೆಬ್ಬೆರಳು ಒತ್ತಿದ. ಇನ್ನೊಂದು ಎತ್ತಿದ, ಮತ್ತೊಂದು ಎತ್ತಿದ. "ನಡು ಸುದ್ದಾ ತುಂಬೇದ" ಎಂದು ತನಗೇ ಹೇಳಿಕೊಂಡು ಹೊರಟುಹೋದ. ಹೊಲದ ಮಾತು ಎತ್ತಲೇ ಇಲ್ಲ. ಬಿಟ್ಟೆ ಅಂತಲೂ ಇಲ್ಲ, ಬೇಕು ಅಂತಲೂ ಇಲ್ಲ. ಮುಂದಿನ ಹಂಗಾಮಿನವರೆಗೂ ಗಂಗಮ್ಮ ಆ ಮಾತು ಯಾವತ್ತು ಬಂದೀತೋ ಎಂದು ಕಾಯುತ್ತಲೇ ಇದ್ದಳು. ನಾನು ಹೋದಾಗಲೆಲ್ಲ, "ಏನಾರ ಅಂದನೇನ್ರಿ ಅಕ್ಕೋರ?" ಎಂದು ಕೇಳುತ್ತಿದ್ದಳು.

ಮರುವರ್ಷ ಹೂವಾದಾಗ ಮತ್ತೆ ಕುಬಸ. ಈ ಸಲ ಇಡೀ ಊರಿನ ಹೆಂಗಸರು ಬಂದರು, ಗಂಡಸರೂ ನಗಲಿಕ್ಕೆಂದು ಬಂದು ನಿಂತರು. ಮೈಬೂಬಿ ಬರಿಗೈಯಲ್ಲಿ ಬಂದು, "ಲೋಬಾನ ಮನ್ಯಾಗ ಇಟ್ಟು ಬಂದೀನಿ ಮಾ, ದುವಾ ಅಷ್ಟ ತಂದೀನಿ" ಎಂದಳು. ಅದೇ ಹಸಿರು ಸೀರೆ ಹೊದಿಸಿದರು. ಗಂಗಮ್ಮ ಯಾರೂ ಹೇಳುವ ಮೊದಲೇ ಬದುವಿಗೆ ಹೋಗಿ ನಿಂತಳು. ಈರಮ್ಮ ತಾಟು ಎತ್ತಿದಳು. ಆಗ ಭೀಮಣ್ಣ ಗಂಡಸರ ನಡುವಿನಿಂದ ಮುಂದೆ ಬಂದ.

"ಈರಮ್ಮಾ, ಹೊಲ ಯಾರದು?"

ಗಂಗಮ್ಮನ ಮುಖ ಬಿಳಿಚಿಕೊಂಡಿತು. ವರ್ಷವಿಡೀ ಹೆದರಿದ ಮಾತು ಎಲ್ಲರೆದುರು ಬಂದೇಬಿಟ್ಟಿತು ಅಂದುಕೊಂಡಳೆಂದು ಕಾಣುತ್ತದೆ. ನಾನೂ ಹಾಗೇ ಅಂದುಕೊಂಡೆ.

"ಗಂಗಮ್ಮಂದು" ಎಂದಳು ಈರಮ್ಮ.

"ಹಂಗಾರ ಉಡಿ ಅಕೀನ ತುಂಬಲಿ." ಭೀಮಣ್ಣ ತಾಟು ಇಸಿದುಕೊಂಡು ಬದುವಿನ ಕಡೆ ನಡೆದ. "ಹೋದ ವರ್ಷ ಇದ ಸೀರಿ ಅಕಿ ಮುಟ್ಟ್ಯಾಳ, ನನಗ ಹೊಚ್ಚ್ಯಾಳ. ನಾ ಸತ್ತೆನೇನು? ಪೀಕು ಸತ್ತಿತೇನು? ತಗೋ ಅತ್ತಿಗಿ."

ಗಂಗಮ್ಮ ಕೈ ಚಾಚಲಿಲ್ಲ. ಸುತ್ತಲೂ ನೋಡಿದಳು, ಯಾರಾದರೂ ಬೇಡ ಅನ್ನುತ್ತಾರೇನೋ ಎಂದು. ಒಬ್ಬ ಅಜ್ಜಿ ಏನೋ ಹೇಳಲು ಹೋದಳು. ಮೈಬೂಬಿ ಅವಳ ಮೊಣಕೈ ಹಿಡಿದಳು. ಈರಮ್ಮ ಹೋಗಿ ಗಂಗಮ್ಮನ ಬೆನ್ನಿಗೆ ಕೈಯಿಟ್ಟು ಸಾಲಿನ ತನಕ ಕರೆತಂದಳು. ಗಂಗಮ್ಮ ಅಕ್ಕಿ ತುಂಬಿದಳು, ಕೊಬ್ಬರಿ ಇಟ್ಟಳು, ಉತ್ತತ್ತಿ ಎರಡು ಸಲ ಕೈಜಾರಿ ಬಿದ್ದವು. ಮೂರು ವರ್ಷದಲ್ಲಿ ಮೊದಲ ಸಲ ಆಕೆ ಎಲ್ಲರೆದುರು ಅತ್ತಳು. ನಾನು ಸರಕಾರಿ ನೌಕರಳು, ಅಳಬಾರದು ಎಂದು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ.

ಆಮೇಲೆ ನನ್ನನ್ನು ರಾಯಚೂರಿಗೆ ವರ್ಗ ಮಾಡಿದರು, ಮದುವೆಯಾಯಿತು, ಬುದ್ಧಿ ಹೊರುವ ಚೀಲವೂ ಹರಿದುಹೋಯಿತು. ಗಂಗಮ್ಮ ತನ್ನ ಹೊಲವನ್ನು ಕೊನೆಯವರೆಗೂ ತಾನೇ ಮಾಡಿದಳೆಂದು ಕೇಳಿದ್ದೇನೆ. ನಾನು ಎಷ್ಟು ಮಂಡಳಗಳಿಗೆ ಜೇನಿನ ಪಾಠ ಹೇಳಿದೆನೋ ಲೆಕ್ಕವಿಲ್ಲ. ಹೇಳಿದ್ದು ಎಷ್ಟು ಜನ ಉಳಿಸಿಕೊಂಡರೋ ಅದೂ ಗೊತ್ತಿಲ್ಲ.

ಇವತ್ತು ಇದನ್ನು ಬರೆಯಲು ಕೂತಾಗ ಒಂದು ಸಂಗತಿ ನಿಮ್ಮಿಂದ ಮುಚ್ಚಿಟ್ಟಿದ್ದೆ. ನಮ್ಮ ಓಣಿಯ ಎದುರು ಮನೆಯ ಸೊಸೆಗೆ ಈ ಶುಕ್ರವಾರ ಕುಬಸ. ಅತ್ತೆ ಬಂದು ಕರೆದು ಹೋಗಿದ್ದಳು. ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನು ಇಂಥ ಕಡೆಗೆಲ್ಲ ಹೋಗುವುದಿಲ್ಲ. ಬೇರೆಯವರಿಗೆ ಸಂಕಟವಾಗುವ ಮೊದಲು ನಾನೇ ತಪ್ಪಿಸಿಕೊಳ್ಳುತ್ತೇನೆ. ಮೊಣಕಾಲು ನೋವು, ಬರಲಾರೆ, ಮುಯ್ಯಿ ಕಳಿಸುತ್ತೇನೆ ಎಂದಿದ್ದೆ. ಇಲ್ಲಿಯವರೆಗೆ ಬರೆದು, ಪೆನ್ನು ಇಟ್ಟು, ಎದುರು ಮನೆಗೆ ಹೋಗಿ ಬಂದೆ. ಮೊಣಕಾಲು ಚೆನ್ನಾಗಿದೆ, ಶುಕ್ರವಾರ ಬರುತ್ತೇನೆ, ನಿನ್ನ ಸೊಸೆಗೆ ಉಡಿ ನಾನೂ ತುಂಬುತ್ತೇನೆ ಎಂದೆ. ಆಕೆ ಬಾಗಿಲು ಪೂರ್ತಿ ತೆರೆದಳು. ಆಮೇಲೆ, "ಒಳಗ ಬರ್‍ರಿ, ಚಹಾ ಕುಡಿದು ಹೋಗ್ರಿ" ಎಂದಳು. ಈ ಸಲ ಬಟ್ಟಲು ಖಾಲಿ ಮಾಡಿಯೇ ಎದ್ದೆ.